ಶಾಲೆಯ ಕುರಿತು ಯಾರನ್ನು ಕೇಳಬೇಕು?

ಎಸ್ಸೆಸ್ಸೆಲ್ಸಿ ಫಲಿತಾಂಶ ಹೊರಬಿದ್ದ ಮರುದಿನ ಸರಕಾರಿ ಪ್ರೌಢಶಾಲೆಗಳ ಕುರಿತು ಮಾತನಾಡುವವರ ಸಂಖ್ಯೆ ಒಮ್ಮೆಲೇ ಏರುತ್ತದೆ. ಜಿಲ್ಲೆಗೆ ಎಷ್ಟನೆಯ ಸ್ಥಾನ, ಕುಸಿತಕ್ಕೆ ಯಾರು ಹೊಣೆ, ಯಾವ ಅಧಿಕಾರಿಗೆ ನೋಟೀಸು ಎಂಬ ಚರ್ಚೆ ಒಂದು ವಾರ ನಡೆದು ತಣ್ಣಗಾಗುತ್ತದೆ. 2023ರಲ್ಲಿ ಶೇ. 83.89 ಇದ್ದ ರಾಜ್ಯದ ಫಲಿತಾಂಶ, ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಹೆಚ್ಚುವರಿ ಕೃಪಾಂಕ ನೀಡಿದ ಮೇಲೂ ಶೇ. 73.40ಕ್ಕೆ ಇಳಿದಾಗ ಇದೇ ನಡೆಯಿತು. ಆಡಳಿತ ಪಕ್ಷ ಮಾತನಾಡಿತು, ವಿರೋಧ ಪಕ್ಷ ಮಾತನಾಡಿತು, ಶಿಕ್ಷಣ ತಜ್ಞರೂ ಮಾತನಾಡಿದರು. ಆ ಬೆಂಚುಗಳ ಮೇಲೆ ಕುಳಿತ ಮಕ್ಕಳನ್ನಾಗಲಿ, ಅವರನ್ನು ಅಲ್ಲಿಗೆ ಕಳುಹಿಸಿದ ಹೆತ್ತವರನ್ನಾಗಲಿ ಕೇಳಿದವರು ವಿರಳ.

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಪಟ್ಟಣಗಳಲ್ಲಿ ಸರಕಾರಿ ಪ್ರೌಢಶಾಲೆಯ ಕುರಿತು ಹೆತ್ತವರಿಗೆ ಅಭಿಪ್ರಾಯವಿಲ್ಲವೆಂದಲ್ಲ. ಕೈಯಲ್ಲಿ ನಾಲ್ಕು ಕಾಸು ಓಡಾಡಿದೊಡನೆ ಅವರು ವರ್ಗಾವಣೆ ಪತ್ರ ಪಡೆದು ಮಗುವನ್ನು ಖಾಸಗಿ ಶಾಲೆಯ ವ್ಯಾನು ಹತ್ತಿಸುತ್ತಾರೆ. ಆ ವರ್ಗಾವಣೆ ಪತ್ರವೇ ಅವರ ಅಭಿಪ್ರಾಯ. ಗಣಿತಕ್ಕೆ ಶಿಕ್ಷಕರಿಲ್ಲ, ಇದ್ದವರು ಅತಿಥಿ ಶಿಕ್ಷಕರು, ಇಂಗ್ಲಿಷ್ ಬರುವುದಿಲ್ಲ ಎಂಬ ದೂರು ಚಹಾದಂಗಡಿಯಲ್ಲೂ ಮಸೀದಿಯ ಅಂಗಳದಲ್ಲೂ ಕೇಳಿಸುತ್ತದೆ. ಮುಖ್ಯೋಪಾಧ್ಯಾಯರ ಕೊಠಡಿಯವರೆಗೆ ಮಾತ್ರ ಅದು ಹೋಗುವುದಿಲ್ಲ. ವ್ಯಾನು ಹತ್ತಿಸಲಾಗದವರು ಮೌನವಾಗಿ ಉಳಿಯುತ್ತಾರೆ. ಶಾಲೆಯಲ್ಲಿ ಕೊನೆಗೆ ಉಳಿಯುವುದೂ ಈ ಮೌನಿಗಳ ಮಕ್ಕಳೇ.

ಮಕ್ಕಳ ಅಭಿಪ್ರಾಯವಾದರೋ ಹೆತ್ತವರದಕ್ಕಿಂತ ಭಿನ್ನ. ಹೆತ್ತವರು ಮಾಧ್ಯಮ, ಕಟ್ಟಡ, ಫಲಿತಾಂಶಗಳನ್ನು ನೋಡುತ್ತಾರೆ. ಮಕ್ಕಳು ಹೇಳುವುದು ಪ್ರಶ್ನೆ ಕೇಳಿದಾಗ ಗದರದ ಶಿಕ್ಷಕಿಯ ಕುರಿತು, ಹೆಸರು ಹಿಡಿದು ಕರೆಯುವ ಮೇಷ್ಟ್ರ ಕುರಿತು, ನೀರಿಲ್ಲದ ಶೌಚಾಲಯದ ಕುರಿತು. ಏಳನೆಯ ತರಗತಿಯವರೆಗೆ ಉರ್ದುವಿನಲ್ಲಿ ಕಲಿತು ಎಂಟನೆಯದರಲ್ಲಿ ಕನ್ನಡದ ವಿಜ್ಞಾನ ಪುಸ್ತಕ ತೆರೆಯುವ ಹುಡುಗಿಗೆ ಮೊದಲ ಆರು ತಿಂಗಳು ಪಾಠವಲ್ಲ, ಪದಗಳೇ ಎದುರಾಳಿ. ಆಕೆ ದಡ್ಡಿಯಲ್ಲ. ಆದರೆ ಆಕೆಯ ಅಂಕಪಟ್ಟಿ ಹಾಗೆ ಹೇಳುತ್ತದೆ ಮತ್ತು ಮನೆಯವರು ಅಂಕಪಟ್ಟಿಯನ್ನೇ ನಂಬುತ್ತಾರೆ. ಆಕೆಗೆ ಬೇಕಿದ್ದುದು ಸಂಜೆಯ ಒಂದು ಗಂಟೆಯ ಕನ್ನಡ. ಈ ಸಣ್ಣ ಪರಿಹಾರ ಯಾರ ತಲೆಗೂ ಹೊಳೆಯದಿರಲು ಕಾರಣ, ಆಕೆಯನ್ನು ಯಾರೂ ಕೇಳದಿರುವುದು.

ಈ ಸೀಮೆಯಲ್ಲಿ ಪ್ರಶ್ನೆ ಇನ್ನಷ್ಟು ಗಂಭೀರವಾಗುವುದು ರೇಷ್ಮೆಯಿಂದಾಗಿ. ರಾಮನಗರದ ಗೂಡು ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದುದು. ಗೂಡಿನಿಂದ ನೂಲು ಬಿಚ್ಚುವ ಕಸುಬಿನಲ್ಲಿ ನಮ್ಮ ಸಮುದಾಯದ ಕುಟುಂಬಗಳು ತಲೆಮಾರುಗಳಿಂದ ತೊಡಗಿವೆ. ಕುದಿನೀರಿನ ತೊಟ್ಟಿಯ ಬಳಿ ಎಳೆ ಹುಡುಕುವ, ಹುರಿ ಯಂತ್ರದ ಮುಂದೆ ದಿನವಿಡೀ ನಿಲ್ಲುವ ಮಕ್ಕಳ ಕಥೆಯನ್ನು 2003ರ ಜನವರಿಯಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದ ಜೀತದಾಳು ಮಕ್ಕಳ ಕುರಿತ ವರದಿಯಲ್ಲಿ ಜಗತ್ತಿನ ಮುಂದಿಟ್ಟಿತು. ಅಂದು ಅದನ್ನು ಹೊರಗಿನವರ ಪಿತೂರಿ ಎಂದು ತಳ್ಳಿಹಾಕುವುದು ಸುಲಭವಿತ್ತು. ಆದರೆ ಮುಂಗಡ ಹಣ ಕೊಟ್ಟವರಲ್ಲೂ ಪಡೆದವರಲ್ಲೂ ನಮ್ಮವರೇ ಇದ್ದರೆಂಬುದನ್ನು ಅಲ್ಲಗಳೆಯಲಾಗದು. ಆ ಬಳಿಕ ಯಂತ್ರಗಳು ಬದಲಾದವು, ಕಾನೂನು ಬಿಗಿಯಾಯಿತು, ಎಳೆಯ ಮಕ್ಕಳು ಬಹುಮಟ್ಟಿಗೆ ಶಾಲೆಗೆ ಬಂದರು.

ಆದರೆ ಹದಿನಾಲ್ಕು ವರ್ಷ ತುಂಬಿದಾಗ ಏನಾಗುತ್ತದೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ ವ್ಯಾಪ್ತಿ 6ರಿಂದ 14ರ ವಯಸ್ಸಿಗೆ, ಎಂಟನೆಯ ತರಗತಿಗೆ ಮುಗಿಯುತ್ತದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿ 14 ದಾಟಿದವರಿಗೆ ಅಪಾಯಕಾರಿ ಕೆಲಸಗಳನ್ನಷ್ಟೇ ನಿಷೇಧಿಸುತ್ತದೆ. ಅದಕ್ಕೂ ಚಿಕ್ಕವರು ಶಾಲೆಯ ಅವಧಿಯ ಬಳಿಕ ಮನೆಯ ಕಸುಬಿಗೆ ನೆರವಾಗುವುದನ್ನು ಒಪ್ಪುತ್ತದೆ. ಒಂದು ಕಾನೂನು ಕೈಬಿಡುವ ವಯಸ್ಸೂ ಇನ್ನೊಂದು ಕಾನೂನು ಬಾಗಿಲು ತೆರೆಯುವ ವಯಸ್ಸೂ ಒಂದೇ. ಒಂಬತ್ತನೆಯ ತರಗತಿಯ ಹುಡುಗ ನಿಂತಿರುವುದು ಸರಿಯಾಗಿ ಈ ಹೊಸ್ತಿಲ ಮೇಲೆ. ಅವನನ್ನು ಹಿಡಿದಿಡಬಲ್ಲುದು ಕಾನೂನಲ್ಲ, ಶಾಲೆಯ ಕುರಿತು ಅವನಿಗಿರುವ ಅಭಿಪ್ರಾಯ. ಅದು ಬೇಸರವಾಗಿದ್ದರೆ ಫಿಲೇಚರ್ ಅವನನ್ನು ಕರೆದುಕೊಳ್ಳುತ್ತದೆ. ಚನ್ನಪಟ್ಟಣವಾದರೆ ಆಟಿಕೆಯ ಲೇತು.

ಹೆತ್ತವರ ಮಾತಿಗೆ ವೇದಿಕೆಯೇ ಇಲ್ಲವೆನ್ನುವಂತಿಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಾಜ್ಯ ಸರಕಾರ 2001ರಲ್ಲಿಯೇ ರಚಿಸಿತು. ಶಿಕ್ಷಣ ಹಕ್ಕು ಕಾಯ್ದೆಯಂತೂ ಇಂತಹ ಸಮಿತಿಗಳ ಮುಕ್ಕಾಲು ಪಾಲು ಸದಸ್ಯರು ಹೆತ್ತವರು ಅಥವಾ ಪೋಷಕರಾಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎನ್ನುತ್ತದೆ. ಕಾಗದದ ಮೇಲೆ ಇದು ಸೊಗಸು. ಆದರೆ ಸಭೆ ಕೆಲಸದ ದಿನ ಹನ್ನೊಂದು ಗಂಟೆಗೆ. ಗೂಡಿನ ಹರಾಜಿಗೆ ಹೋಗುವ ತಂದೆ ಬರಲಾರ; ಬಂದರೆ ಒಂದು ದಿನದ ಕೂಲಿ ಹೋಯಿತು. ತಾಯಿಯ ಸಹಿ ಮನೆಗೇ ಬಂದ ಪುಸ್ತಕದಲ್ಲಿ ಆಗುತ್ತದೆ. ಬಡವರಿಗೆ ಶಿಕ್ಷಣದಲ್ಲಿ ಆಸಕ್ತಿಯಿಲ್ಲ ಎಂಬ ತೀರ್ಪು ಇಂತಹ ಖಾಲಿ ಕುರ್ಚಿಗಳನ್ನು ನೋಡಿ ಹುಟ್ಟಿದ್ದು. 2006ರ ಸಾಚಾರ್ ಸಮಿತಿಯ ವರದಿ ಅದನ್ನು ಸುಳ್ಳೆಂದು ತೋರಿಸಿತು. ಶಾಲಾ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಮದ್ರಸಗಳಲ್ಲಿ ಕಲಿಯುವವರು ಶೇ. 3ರಿಂದ 4 ಮಾತ್ರ ಎಂದೂ ಅದು ಹೇಳಿತು. ಮದ್ರಸದ ಚಾಪೆಯ ಮೇಲೆ ಕುಳಿತು ಓದಿದ ನಮಗೆ ಮದ್ರಸದ ಬಗ್ಗೆ ಗೌರವವಿದೆ. ಆದರೆ ನಮ್ಮ ಸಭೆಗಳಲ್ಲಿ ಮದ್ರಸದ ಛಾವಣಿಯ ಕುರಿತು ನಡೆಯುವ ಚರ್ಚೆಯ ಕಾಲುಭಾಗವೂ ಉಳಿದ ಮಕ್ಕಳ ಸರಕಾರಿ ಶಾಲೆಯ ಕುರಿತು ನಡೆಯದಿರುವುದು ವಿಚಿತ್ರ.

ಸರಕಾರವೂ ಕೇಳುವುದಿಲ್ಲ. ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನ ಕರ್ನಾಟಕ ಪಬ್ಲಿಕ್ ಶಾಲೆಗೆ ಸುತ್ತಲಿನ ಸರಕಾರಿ ಶಾಲೆಗಳನ್ನು ವಿಲೀನಗೊಳಿಸುವ ಕ್ರಮ 2025ರಲ್ಲಿ ವಿರೋಧಕ್ಕೆ ಗುರಿಯಾಯಿತು. ದೊಡ್ಡ ಕಟ್ಟಡ, ತರಗತಿಗೊಬ್ಬ ಶಿಕ್ಷಕ ಎಂಬ ವಾದದಲ್ಲಿ ಹುರುಳಿದೆ, ನಾವು ಅದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಊರಿನ ಶಾಲೆ ಮುಚ್ಚಿದರೆ ಹೆಣ್ಣುಮಗುವನ್ನು ದೂರ ಕಳುಹಿಸುತ್ತೀರಾ ಎಂದು ಆಕೆಯ ತಾಯಿಯನ್ನು ಕೇಳುವುದು ಆದೇಶಕ್ಕೆ ಮೊದಲು ಆಗಬೇಕಾದ ಕೆಲಸ. 2022ರ ಸಮವಸ್ತ್ರ ವಿವಾದದಲ್ಲಿಯೂ ಶಾಸಕರು, ಸಮಿತಿಗಳು, ವಕೀಲರು, ನಮ್ಮ ನಾಯಕರು ಎಲ್ಲರೂ ಗಟ್ಟಿಯಾಗಿ ಮಾತನಾಡಿದರು. ತರಗತಿ ಕಳೆದುಕೊಂಡ ಹುಡುಗಿಯರ ದನಿ ಟಿ.ವಿ. ಕ್ಯಾಮೆರಾಗಳ ಗದ್ದಲದಲ್ಲಿ ಅಡಗಿತು.

ಇನ್ನು ನಮ್ಮ ಮನೆಗಳು. ಮಕ್ಕಳನ್ನು ಕೇಳುವುದು ದೊಡ್ಡವರ ಘನತೆಗೆ ಕುಂದೆಂದು ಭಾವಿಸುವ ತಂದೆಯಂದಿರು ಪವಿತ್ರ ಕುರ್‌ಆನಿನ ಸ್ವಾಫ್ಫಾತ್ ಅಧ್ಯಾಯವನ್ನು ಗಮನವಿಟ್ಟು ಓದಲಿ. ಪ್ರವಾದಿ ಇಬ್ರಾಹೀಮ್(ಅ) ತಮಗೆ ಬಿದ್ದ ಕನಸು ದೇವಾಜ್ಞೆಯೆಂದು ತಿಳಿದಿದ್ದರೂ ಅದನ್ನು ಮಗನಿಗೆ ವಿವರಿಸಿ, ಅವನ ಅಭಿಪ್ರಾಯವೇನೆಂದು ವಿಚಾರಿಸಿದರು. ಪ್ರತಿ ಬಕ್ರೀದಿನಂದು ನಾವು ಈ ಘಟನೆಯನ್ನು ಕೇಳುತ್ತೇವೆ, ತ್ಯಾಗದ ಭಾಗವನ್ನು ಮಾತ್ರ ನೆನಪಿಟ್ಟು ಮನೆಗೆ ಮರಳುತ್ತೇವೆ.

ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಈ ನಾಲ್ಕು ಪಟ್ಟಣಗಳ ಜಮಾಅತ್‌ಗಳು ಮಾಡಬಹುದಾದ ಕೆಲಸವಿದೆ. ಪೋಷಕರ ಸಭೆಯನ್ನು ಭಾನುವಾರ ಸಂಜೆಗೆ ಇಡುವಂತೆ ಮುಖ್ಯೋಪಾಧ್ಯಾಯರಿಗೆ ಲಿಖಿತ ಮನವಿ ಕೊಡಬಹುದು. ಸಭೆಯ ದಿನವನ್ನು ಜುಮಾದ ಬಳಿಕ ಕನ್ನಡ, ಉರ್ದು ಎರಡರಲ್ಲೂ ಪ್ರಕಟಿಸಬಹುದು. ಫಿಲೇಚರ್ ಮಾಲಕರು ಅಂದು ಎರಡು ಗಂಟೆ ಮೊದಲೇ ಕೆಲಸಗಾರರನ್ನು ಬಿಡುವ ಮಾತು ಕೊಡಬಹುದು. ಅವರಲ್ಲಿ ಅನೇಕರು ಮಸೀದಿ ಸಮಿತಿಗಳಲ್ಲಿಯೇ ಇದ್ದಾರೆ. ಮಕ್ಕಳು ಹೆಸರಿಲ್ಲದೆ ಬರೆದು ಹಾಕುವ ಚೀಟಿಗಳನ್ನು ಆ ಸಭೆಯಲ್ಲಿ ಶಿಕ್ಷಕರ ಎದುರಲ್ಲೇ ಓದಿಸಲಿ. ಶೌಚಾಲಯದ ನೀರಿನ ಚೀಟಿ ಮೊದಲು ಬರುತ್ತದೆ. ಅದಕ್ಕೆ ನಗರಸಭೆಯ ಸದಸ್ಯರೂ ಅಲ್ಲಿರುವುದು ಒಳ್ಳೆಯದು.