ಸೋತ ಮೇಲೆ ನೆನಪಾದ ಕಬಡ್ಡಿ

ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಒಳಗೆ ಅವ್ವ ಕಳಸ ಕೂರಿಸಿ ಅಕ್ಕಪಕ್ಕದ ಮನೆಯವರಿಗೆ ಅರಿಶಿನ ಕುಂಕುಮ ಕೊಡುತ್ತಿದ್ದರು. ನಾನು ಜಗುಲಿ ಮೇಲೆ ಕೂತು ಮೊಬೈಲಿನಲ್ಲಿ ಏಷ್ಯನ್ ಗೇಮ್ಸ್ ಮಹಿಳಾ ಕಬಡ್ಡಿ ಫೈನಲ್ ನೋಡುತ್ತಿದ್ದೆ. ಹಿಂದಿನ ದಿನವಷ್ಟೇ ನಮ್ಮ ಗಂಡಸರ ತಂಡ ಸೆಮಿಫೈನಲ್‌ನಲ್ಲಿ ಇರಾನಿಗೆ 27-18ರಿಂದ ಸೋತು ಮನೆಯಲ್ಲಿ ಸೂತಕದ ಹಾಗಾಗಿತ್ತು. ಹೆಣ್ಣುಮಕ್ಕಳಾದರೂ ಮಾನ ಉಳಿಸುತ್ತಾರೆ ಅಂದುಕೊಂಡಿದ್ದೆ. ಅವರೂ ಅದೇ ಇರಾನಿಗೆ 27-24ರಿಂದ ಸೋತರು. ಹಬ್ಬದ ಒಬ್ಬಟ್ಟು ಗಂಟಲಲ್ಲಿ ಇಳಿಯಲಿಲ್ಲ ಅಂದರೆ ನಂಬಿ.

1990ರಲ್ಲಿ ಬೀಜಿಂಗ್‌ನಲ್ಲಿ ಕಬಡ್ಡಿ ಏಷ್ಯನ್ ಗೇಮ್ಸ್‌ಗೆ ಸೇರಿದಾಗಿನಿಂದ 2014ರ ಇಂಚಾನ್‌ವರೆಗೆ ಏಳಕ್ಕೆ ಏಳೂ ಚಿನ್ನ ನಮ್ಮ ಗಂಡಸರ ತಂಡದ್ದು. ಮಹಿಳೆಯರ ಕಬಡ್ಡಿ ಶುರುವಾದ 2010ರಲ್ಲೂ ಚಿನ್ನ, 2014ರಲ್ಲೂ ಚಿನ್ನ. ಬೇರೆ ಆಟಗಳಲ್ಲಿ ಪದಕ ಬರಬಹುದು, ಬಾರದೆಯೂ ಇರಬಹುದು. ಕಬಡ್ಡಿ ಮಾತ್ರ ನಮ್ಮ ಹಿತ್ತಲ ಗಿಡದ ಕಾಯಿ, ಕೈ ಚಾಚಿದರೆ ಸಿಕ್ಕುತ್ತದೆ ಅಂತ ಇಡೀ ದೇಶ ನಂಬಿತ್ತು. ಈ ಸಲ ಎರಡು ದಿನದಲ್ಲಿ ಗಿಡವೇ ಪಕ್ಕದವರ ಪಾಲಾಯಿತು.

ಸೋತಿದ್ದಕ್ಕೆ ದುಃಖವಿದೆ. ಸೋತ ಮೇಲೆ ನಡೆಯುತ್ತಿರುವುದನ್ನು ನೋಡಿದರೆ ಸಿಟ್ಟು ಬರುತ್ತದೆ. ಈ ಬರಹ ಆ ಸಿಟ್ಟಿನದು.

ಎರಡು ದಿನದಿಂದ ವಾಟ್ಸಾಪ್, ಫೇಸ್‌ಬುಕ್ ತುಂಬ ಕಬಡ್ಡಿ ಪಂಡಿತರು. ಒಂದು ಲೋನಾಕ್ಕೆ ಎಷ್ಟು ಪಾಯಿಂಟ್ ಎಂದು ಗೊತ್ತಿಲ್ಲದವರೂ ನಾಯಕ ಅಜಯ್ ಠಾಕೂರ್‌ಗೆ ಬುದ್ಧಿ ಹೇಳುತ್ತಿದ್ದಾರೆ. ಅಲ್ಲ ಸ್ವಾಮಿ, ಆ ಮನುಷ್ಯ ಗಾಯ ಮಾಡಿಕೊಂಡು ಅಂಕಣದಿಂದ ಹೊರಬಂದಿದ್ದು ನಿಮ್ಮ ಕಣ್ಣಿಗೆ ಬೀಳಲಿಲ್ಲವೇ? ನಲವತ್ತು ನಿಮಿಷದ ಆಟದಲ್ಲಿ ನಮ್ಮ ತಂಡಕ್ಕೆ ಬಂದಿದ್ದು ಹದಿನೆಂಟೇ ಪಾಯಿಂಟ್. ಅದು ಒಬ್ಬ ನಾಯಕನ ತಪ್ಪಿನಿಂದ ಆಗುವ ಮಾತಲ್ಲ. ಒಳಗೆ ಹೋದ ಒಬ್ಬೊಬ್ಬ ರೈಡರ್‌ನನ್ನೂ ಇರಾನಿನವರು ಕಾಲು ಹಿಡಿದು, ಸೊಂಟ ಹಿಡಿದು, ಸರಪಳಿ ಕಟ್ಟಿ ಕೆಡವಿದರು. ಕುಸ್ತಿಯಲ್ಲಿ ಹೆಸರು ಮಾಡಿದ ದೇಶ ಅದು. ಅವರ ಹಿಡಿತ ಹೇಗಿರುತ್ತದೆ ಅಂತ ನಮಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಎರಡನೆಯ ಆರೋಪ ಪ್ರೊ ಕಬಡ್ಡಿಯ ಮೇಲೆ. 'ನಮ್ಮ ಲೀಗಿಗೆ ಕರೆದು ನಮ್ಮ ಪಟ್ಟುಗಳನ್ನೆಲ್ಲ ಇರಾನಿಗಳಿಗೆ ಕಲಿಸಿಕೊಟ್ಟೆವು, ಅವರನ್ನು ಬಹಿಷ್ಕರಿಸಿ' ಅನ್ನುವ ಮಾತು. 2010ರ ಫೈನಲ್‌ನಲ್ಲಿ ನಾವು ಇರಾನನ್ನು ಸೋಲಿಸಿದ್ದು 37-20ರಿಂದ. 2014ರ ಫೈನಲ್‌ನಲ್ಲಿ 27-25ರಿಂದ. ನಾಲ್ಕೇ ವರ್ಷದಲ್ಲಿ ಹದಿನೇಳರ ಅಂತರ ಎರಡಕ್ಕೆ ಇಳಿದಿತ್ತು. ಪ್ರೊ ಕಬಡ್ಡಿ ಶುರುವಾಗಿದ್ದೇ ಆ 2014ರಲ್ಲಿ. ಅಂದರೆ ಲೀಗ್ ಶುರುವಾದ ವರ್ಷವೇ ಅವರು ನಮ್ಮ ಹಿಮ್ಮಡಿ ಮುಟ್ಟಿದ್ದರು. 2016ರ ಅಹಮದಾಬಾದ್ ವಿಶ್ವಕಪ್‌ನ ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ನಮ್ಮನ್ನು ಸೋಲಿಸಿತ್ತು. ಜಕಾರ್ತದಲ್ಲೂ ಸೋಮವಾರ ಅದೇ ಕೊರಿಯಾ 24-23ರಿಂದ ಸೋಲಿಸಿತು. ಗಂಟೆ ಎಷ್ಟು ಸಲ ಬಾರಿಸಬೇಕು? 2018ರ ಹರಾಜಿನಲ್ಲಿ ಇರಾನಿನ ಫಜಲ್ ಅತ್ರಾಚಲಿಗೆ ನಮ್ಮವರೇ ಒಂದು ಕೋಟಿ ಕೊಟ್ಟು ಕೊಂಡರು. ಕೋಟಿ ಕೊಡುವಾಗ ಅವನು ಒಳ್ಳೆಯ ಆಟಗಾರ, ನಮ್ಮನ್ನು ಸೋಲಿಸಿದ ಕೂಡಲೇ ಕಳ್ಳ! ಇದು ಯಾವ ನ್ಯಾಯ?

ಮೂರನೆಯದು ಎಲ್ಲಕ್ಕಿಂತ ಹೇಸಿಗೆಯ ಮಾತು. ಇರಾನಿನ ಮಹಿಳಾ ತಂಡಕ್ಕೆ ತರಬೇತಿ ಕೊಟ್ಟವರು ನಮ್ಮ ನಾಸಿಕ್‌ನ ಶೈಲಜಾ ಜೈನ್. ಹುಡುಗಿಯರ ಮಾತು ಅರ್ಥವಾಗಬೇಕೆಂದು ಪಾರ್ಸಿ ಕಲಿತರು, ಯೋಗ, ಪ್ರಾಣಾಯಾಮ ಹೇಳಿಕೊಟ್ಟರು. ಅವರನ್ನು ಈಗ ದೇಶದ್ರೋಹಿ ಎಂದು ಕರೆಯುತ್ತಿದ್ದಾರೆ. ನಮ್ಮೂರಿನ ಮೇಷ್ಟ್ರು ಪಕ್ಕದೂರಿನ ಶಾಲೆಗೆ ಹೋಗಿ ಅಲ್ಲಿನ ಮಕ್ಕಳನ್ನು ರ‍್ಯಾಂಕ್ ಬರುವ ಹಾಗೆ ಮಾಡಿದರೆ ನಾವು ಮೇಷ್ಟ್ರಿಗೆ ಬಯ್ಯುತ್ತೇವೋ, ಇಂಥ ಮೇಷ್ಟ್ರನ್ನು ಯಾಕೆ ಬಿಟ್ಟುಕೊಟ್ಟಿರಿ ಅಂತ ನಮ್ಮ ಶಾಲೆಯ ಕಮಿಟಿಯನ್ನು ಕೇಳುತ್ತೇವೋ? ಕ್ರಿಕೆಟ್‌ಗೆ ಹೊರದೇಶದಿಂದ ಕೋಚ್ ತರಿಸಿಕೊಂಡು ವಿಶ್ವಕಪ್ ಗೆದ್ದಾಗ ಹೂಮಾಲೆ ಹಾಕಿದವರು ನಾವೇ. ಈಗ ಒಬ್ಬ ಹೆಣ್ಣುಮಗಳು ಹೊರದೇಶಕ್ಕೆ ಹೋಗಿ ಗೆಲ್ಲಿಸಿದರೆ ದ್ರೋಹ. ನನ್ನ ಕೇಳಿದರೆ ಈ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಕಬಡ್ಡಿಗೆ ಸಿಕ್ಕ ಒಂದೇ ಒಂದು ಚಿನ್ನ ಅವರದ್ದು.

ಹಾಗಾದರೆ ಕೇಳಬೇಕಾದವರನ್ನು ಯಾರು ಕೇಳುತ್ತಿದ್ದಾರೆ? ಅಖಿಲ ಭಾರತ ಕಬಡ್ಡಿ ಫೆಡರೇಶನ್‌ನಲ್ಲಿ ದಶಕಗಳ ಕಾಲ ಜನಾರ್ದನ ಸಿಂಗ್ ಗೆಹ್ಲೋಟ್ ಅಧ್ಯಕ್ಷರು. ಆಮೇಲೆ ಅವರು ಆಜೀವ ಅಧ್ಯಕ್ಷರಾದರು, ಅವರ ಹೆಂಡತಿ ಅಧ್ಯಕ್ಷೆಯಾದರು. ಮನೆಯ ಬೀರುವಿನ ಕೀಲಿಕೈ ಗಂಡನ ಸೊಂಟದಿಂದ ಹೆಂಡತಿಯ ಸೊಂಟಕ್ಕೆ ಬಂದ ಹಾಗೆ. ಮಾಜಿ ಆಟಗಾರರು ಕೋರ್ಟಿನ ಬಾಗಿಲು ತಟ್ಟಿದ ಮೇಲೆ 2018ರ ಆಗಸ್ಟ್ ತಿಂಗಳ ಮೊದಲ ವಾರ ದೆಹಲಿ ಹೈಕೋರ್ಟ್ ಎರಡೂ ನೇಮಕಗಳನ್ನು ರದ್ದು ಮಾಡಿ ಆಡಳಿತಾಧಿಕಾರಿಯನ್ನು ನೇಮಿಸಿತು. ಅಂದರೆ ನಮ್ಮ ತಂಡ ಜಕಾರ್ತಕ್ಕೆ ವಿಮಾನ ಹತ್ತುವ ಹೊತ್ತಿಗೆ ಆಟದ ಯಜಮಾನಿಕೆಯೇ ಕೋರ್ಟಿನಲ್ಲಿ ಬಿದ್ದಿತ್ತು. ಎಷ್ಟು ಚಾನೆಲ್‌ಗಳು ಇದರ ಬಗ್ಗೆ ಅರ್ಧ ಗಂಟೆ ಚರ್ಚೆ ಮಾಡಿದವು? ಸೋತ ಹುಡುಗರು ಅತ್ತಿದ್ದನ್ನು ಮಾತ್ರ ತಿರುಗಿಸಿ ಮುರುಗಿಸಿ ತೋರಿಸಿದರು.

ಕೋರ್ಟು, ದೆಹಲಿ ಎಲ್ಲ ದೂರದ ಮಾತಾಯಿತು. ನಮ್ಮೂರಿಗೆ ಬರೋಣ. ನನ್ನ ದೊಡ್ಡಪ್ಪನ ಮಗ ನಮ್ಮ ಹೋಬಳಿಗೇ ಹೆಸರಾದ ರೈಡರ್. ಹೊನಲು ಬೆಳಕಿನ ಪಂದ್ಯಾವಳಿ ಅಂದರೆ ಅವನದೇ ಹೆಸರು. ಟ್ರ್ಯಾಕ್ಟರ್‌ನಲ್ಲಿ ಜನ ತುಂಬಿಕೊಂಡು ಬಂದು ನೋಡುತ್ತಿದ್ದರು. ಪಿಯುಸಿಯಲ್ಲಿ ಜಿಲ್ಲಾ ಮಟ್ಟ ದಾಟಿದ. ಅಲ್ಲಿಂದ ಮುಂದಿನ ಆಯ್ಕೆಗೆ ಹೋದಾಗ ಜೀವನದಲ್ಲಿ ಮೊದಲ ಸಲ ಮ್ಯಾಟ್ ಮೇಲೆ ಕಾಲಿಟ್ಟ. ಮಣ್ಣಿನಲ್ಲಿ ಬರಿಗಾಲಲ್ಲಿ ಆಡಿದವನಿಗೆ ಜಾರಿ ತಿರುಗುವುದೇ ಬಲ. ಮ್ಯಾಟ್ ಮೇಲೆ ಶೂ ಕಚ್ಚಿಕೊಳ್ಳುತ್ತದೆ, ಕಾಲು ಜಾರುವುದಿಲ್ಲ, ಮೈ ತಿರುಗಿದರೂ ಮಂಡಿ ತಿರುಗುವುದಿಲ್ಲ. ಆ ಶೂವೂ ಅವನದ್ದಲ್ಲ, ಗೆಳೆಯನಿಂದ ಕಡ ತಂದಿದ್ದು, ಒಂದು ಸೈಜ್ ದೊಡ್ಡದು. ಮೂರನೇ ರೈಡ್‌ಗೆ ಮಂಡಿ ಹೋಯಿತು. ಆಯ್ಕೆ ಮಾಡುವವರು ಅವನ ಹೆಸರು ಕೂಡ ಕೇಳಲಿಲ್ಲ, ಬಸ್ ಚಾರ್ಜ್ ಕೂಡ ಕೊಡಲಿಲ್ಲ. ಈಗ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಗೇಟಿನಲ್ಲಿ ಸೆಕ್ಯುರಿಟಿ ಕೆಲಸ. ಗುರುವಾರ ರಾತ್ರಿ ಫೋನ್ ಮಾಡಿ ಒಂದೇ ಮಾತು ಹೇಳಿದ: "ನೋಡ್ದಾ ಕಣ್ಲಾ, ಒಬ್ಬನೂ ಬೋನಸ್ ಲೈನ್ ದಾಟಕ್ಕೆ ಧೈರ್ಯ ಮಾಡ್ಲಿಲ್ಲ."

ಅವನು ಆಡಿದ್ದರೆ ಗೆಲ್ಲುತ್ತಿದ್ದೆವು ಅಂತ ಹೇಳುವಷ್ಟು ಹುಚ್ಚು ನನಗಿಲ್ಲ. ಆದರೆ ಇಂಥವರು ತಾಲ್ಲೂಕಿಗೆ ಹತ್ತು ಜನ ಇದ್ದಾರೆ. ಕಬಡ್ಡಿ ನಮ್ಮ ಮಣ್ಣಿನ ಆಟ ಅಂತ ಭಾಷಣ ಹೊಡೆಯುವವರು ಒಂದು ವಿಷಯ ಮರೆಯುತ್ತಾರೆ. ಅಂತಾರಾಷ್ಟ್ರೀಯ ಕಬಡ್ಡಿ ಈಗ ಮಣ್ಣಿನ ಆಟವಲ್ಲ, ಮ್ಯಾಟಿನ ಆಟ. ಮಣ್ಣಿನಲ್ಲಿ ಹುಟ್ಟಿದವರನ್ನು ಮ್ಯಾಟಿಗೆ ದಾಟಿಸುವ ಸೇತುವೆ ನಾವು ಕಟ್ಟಲೇ ಇಲ್ಲ. ಕಾರ್ಕಳ ಕಡೆಯ ಮಮತಾ ಪೂಜಾರಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದರು, ಬಿ.ಸಿ. ರಮೇಶ್ ಅರ್ಜುನ ಪ್ರಶಸ್ತಿ ಪಡೆದರು. ಈ ಸಲ ಬೆಳ್ಳಿ ತಂದ ತಂಡದಲ್ಲಿ ನಮ್ಮ ಉಷಾರಾಣಿ ಇದ್ದರು. ಇವರೆಲ್ಲ ಈಜಿ ದಡ ಸೇರಿದವರು. ಅವರ ಫೋಟೊ ತೋರಿಸಿ ಸೇತುವೆ ಇದೆ ಅಂತ ಸುಳ್ಳು ಹೇಳಬೇಡಿ.

ಇನ್ನು ನಮ್ಮ ಮಾತು. ಪತ್ರಿಕೋದ್ಯಮ ಓದಿದ ಹಳ್ಳಿ ಹುಡುಗರು, ಹುಡುಗಿಯರು ನಾವು. ನಾನು ಒಂದು ಪತ್ರಿಕೆಯ ಜಿಲ್ಲಾ ಡೆಸ್ಕಿನಲ್ಲಿ ಎರಡು ವರ್ಷ ಕೆಲಸ ಮಾಡಿದ್ದೇನೆ. ತಾಲ್ಲೂಕು ವರದಿಗಾರರು ಕಬಡ್ಡಿ ಪಂದ್ಯಾವಳಿಯ ಸುದ್ದಿ ಕಳಿಸಿದರೆ ನಾನೇ ಅದನ್ನು ನಾಲ್ಕು ಸಾಲಿಗೆ ಇಳಿಸುತ್ತಿದ್ದೆ. ಆ ನಾಲ್ಕು ಸಾಲಿನಲ್ಲಿ ಉದ್ಘಾಟಿಸಿದ ಶಾಸಕರ ಹೆಸರು ಇರುತ್ತಿತ್ತು, ಬಹುಮಾನ ಕೊಟ್ಟ ಗುತ್ತಿಗೆದಾರರ ಹೆಸರು ಇರುತ್ತಿತ್ತು. ಆಡಿದವರ ಹೆಸರು ಇರುತ್ತಿರಲಿಲ್ಲ. ನನ್ನ ಅಣ್ಣ ಗೆಲ್ಲಿಸಿದ ಪಂದ್ಯದ ಸುದ್ದಿಯಲ್ಲೂ ಅವನ ಹೆಸರು ಬರಲಿಲ್ಲ, ಯಾಕಂದರೆ ಜಾಗ ಇರಲಿಲ್ಲ. ಅದೇ ಪುಟದಲ್ಲಿ ಕ್ರಿಕೆಟಿಗನೊಬ್ಬನ ಹೊಸ ಹೇರ್‌ಕಟ್‌ಗೆ ಜಾಗ ಇತ್ತು. ಹಾಗಾಗಿ ಬೇರೆಯವರಿಗೆ ಬೆರಳು ತೋರಿಸುವಾಗ ಒಂದು ಬೆರಳು ನನ್ನ ಕಡೆಗೂ ಇದೆ.

ಏನು ಮಾಡಬೇಕು ಅಂತ ಕೇಳಿದರೆ ಮೂರೇ ಮಾತು. ತಾಲ್ಲೂಕಿಗೆ ಒಂದಾದರೂ ಮ್ಯಾಟ್ ಅಂಕಣ ಮಾಡಿ, ಅದಕ್ಕೆ ಬೀಗ ಹಾಕದೆ ಮಕ್ಕಳಿಗೆ ಬಿಡಿ. ಆಯ್ಕೆ ನಡೆದಾಗ ಯಾರನ್ನು ಯಾಕೆ ತೆಗೆದುಕೊಂಡಿರಿ, ಯಾಕೆ ಬಿಟ್ಟಿರಿ ಅಂತ ಗೋಡೆಗೆ ಅಂಟಿಸಿ. ಫೆಡರೇಶನ್ನಿನ ಕುರ್ಚಿಯಲ್ಲಿ ಅಂಕಣದಲ್ಲಿ ಬೆವರು ಸುರಿಸಿದವರನ್ನು ಕೂರಿಸಿ. ಇದಿಷ್ಟನ್ನೂ ಮಾಡಿ ಆಮೇಲೂ ಸೋತರೆ ಎದ್ದು ನಿಂತು ಇರಾನಿಗೆ ಚಪ್ಪಾಳೆ ಹೊಡೆಯೋಣ. ಈಗಲೂ ಹೊಡೆಯಬೇಕಾದ್ದೇ. ಅವರು ನಮ್ಮ ಆಟವನ್ನು ನಮಗಿಂತ ಹೆಚ್ಚು ಗೌರವದಿಂದ ಕಲಿತು ಗೆದ್ದಿದ್ದಾರೆ.

ಮುಂದಿನ ತಿಂಗಳು ಗೌರಿ ಗಣೇಶ. ನಮ್ಮೂರ ಶಾಲೆ ಮೈದಾನದಲ್ಲಿ ಆಗಲೇ ಚಂದಾ ಎತ್ತುತ್ತಿದ್ದಾರೆ, ಪಂದ್ಯಾವಳಿ ಇದೆಯಂತೆ. ನಾನು ಹೋಗುತ್ತೇನೆ. ಈ ಸಲ ಉದ್ಘಾಟನೆ ಮುಗಿದು ಶಾಸಕರ ಕಾರು ಹೊರಟ ಮೇಲೆ ಪುಸ್ತಕ ತೆಗೆದು ಹದಿನಾಲ್ಕು ಹುಡುಗರ ಹೆಸರೂ ಬರೆದುಕೊಳ್ಳುತ್ತೇನೆ. ನಿಮ್ಮೂರಲ್ಲೂ ನಡೆದರೆ ನೀವೂ ಬರೆದುಕೊಳ್ಳಿ.