ಕಾಯಿ ಹಣ್ಣಾಗುವ ನ್ಯಾಯ

ರಜೆಯಲ್ಲಿ ಮಕ್ಕಳು ಸೇರಿದರೆ ನೆಲದ ಮೇಲೆ ಚೌಕಾಬಾರದ ಮನೆ ಬರೆಯುವ ಕನ್ನಡ ಕುಟುಂಬಗಳು ತೇನಿ, ಕಂಬಂ, ದಿಂಡಿಗಲ್ ಕಡೆ ಇಂದಿಗೂ ಇವೆ. ನೆರೆಯ ತಮಿಳರ ದಾಯಂ ಇದರ ಒಡಹುಟ್ಟು. ಗುರಿ ಮುಟ್ಟಿದ ಕಾಯಿ ಅವರಿಗೆ ಪಳಂ, ನಮಗೆ ಹಣ್ಣು.

ಆಟಕ್ಕೆ 25 ಮನೆ, 4 ಕವಡೆ, ತಲಾ 4 ಕಾಯಿ. ಹೊರಸುತ್ತಿನ 16 ಮನೆಗಳನ್ನು ಬಳಸಿದ ಕಾಯಿ ಒಳಸುತ್ತಿನ 8 ಮನೆಗಳತ್ತ ತಿರುಗಿ ನಡುಮನೆಯಲ್ಲಿ ಹಣ್ಣಾಗುತ್ತದೆ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲವೆಂಬುದು ಹಲವು ಮನೆಗಳ ಕಟ್ಟಳೆ. ಕಟ್ಟಳೆ ಒಳ್ಳೆಯದೇ; ಕವಡೆ ಒಲಿದವನೂ ಎದುರಾಳಿಗೆ ಮುಖಾಮುಖಿಯಾಗಬೇಕಾಗುತ್ತದೆ.

ಆದರೆ ಇದರಲ್ಲೊಂದು ಲೋಪವಿದೆ. ಎದುರಾಳಿಯ ಕಾಯಿಗಳೆಲ್ಲ ಒಳಸೇರಿದ ಮೇಲೆ ಹೊರಗುಳಿದವನು ಯಾರನ್ನು ಹೊಡೆಯಬೇಕು? ಅವನು ಹೊರಸುತ್ತನ್ನೇ ಸುತ್ತುತ್ತಿರಬೇಕು. ಹೀಗೆ ಸಿಲುಕುವವರು ಬಹುಮಟ್ಟಿಗೆ ಕಿರಿಯರು. ಅಸಾಧ್ಯವಾದುದನ್ನು ಕಾನೂನು ಯಾರಿಂದಲೂ ಬಯಸದೆಂಬುದು ನ್ಯಾಯಾಲಯಗಳು ಒಪ್ಪಿರುವ ಸೂತ್ರ. ಆದುದರಿಂದ ಕಟ್ಟಳೆಗೊಂದು ಪರಂತುಕ ಬೇಕು: ಹೊರಸುತ್ತಿನಲ್ಲಿ ಹೊಡೆಯಲು ಎದುರಾಳಿಯ ಕಾಯಿಯೇ ಉಳಿಯದಿದ್ದರೆ ಒಳಗಿನ ದಾರಿ ತೆರೆಯತಕ್ಕದ್ದು.

ಇದನ್ನು ಮೊದಲ ಕವಡೆ ಬೀಳುವ ಮುನ್ನವೇ ಸಾರಬೇಕು. ಕೃತ್ಯ ನಡೆದಾಗ ಜಾರಿಯಲ್ಲಿದ್ದ ಕಾನೂನನ್ನು ಮೀರಿದ ಹೊರತು ಯಾರನ್ನೂ ಅಪರಾಧಿಯೆಂದು ನಿರ್ಣಯಿಸಲಾಗದೆನ್ನುತ್ತದೆ ಸಂವಿಧಾನದ 20(1)ನೆಯ ವಿಧಿ. ಅದು ದಂಡನೆಗೆ ಸಂಬಂಧಿಸಿದ್ದಾದರೂ ಅದರ ವಿವೇಕ ಆಟಕ್ಕೂ ಸಲ್ಲುತ್ತದೆ. ಆಟದ ನಡುವೆ ಹಿರಿಯರಿಗೆ ನೆನಪಾಗುವ ‘ನಮ್ಮ ಮನೆಯ ಪದ್ಧತಿ’ ಮಗುವಿಗೆ ಮೋಸವಾಗಿಯೇ ತೋರುತ್ತದೆ. ನೊಂದ ಮಗು ಆಟ ಬಿಟ್ಟೇಳುತ್ತದೆ.

ಶಾಲೆಯಲ್ಲಿ ಕನ್ನಡ ಸಿಗದ ನಮ್ಮ ಮಕ್ಕಳು ಒಂದು, ಎರಡು, ಮೂರು ಎಂದು ಎಣಿಸುವುದು ಇಂಥ ಮಣೆಯ ಸುತ್ತಲೇ. ಅವರನ್ನು ಅಲ್ಲಿ ಉಳಿಸಿಕೊಳ್ಳುವುದು ಹಿರಿಯರ ಹೊಣೆ.