ಮೋಟರ್ ಟ್ರಿಪ್ ಆದರ ರಿಸೆಟ್ ಒತ್ತತೀವಿ, ಮನುಷ್ಯ ಬಿದ್ದರ ಜೀಪು ಹುಡುಕತೀವಿ

ಮನುಷ್ಯ ಒಮ್ಮಿಗೇ ಕುಸಿದು ಬಿದ್ದನಂದ್ರ ನಮ್ಮ ಚಿಂಚೋಳಿ ಕಡೆ ಏನು ಮಾಡ್ತಾರ ಹೇಳ್ರಿ? ಒಬ್ಬ ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡೀತಾನ. ಇನ್ನೊಬ್ಬ ಕೈಯಾಗ ಕೀಲಿಕೈ ಕೊಡ್ತಾನ. ಮತ್ತೊಬ್ಬ ಬಾಯಿಗೆ ನೀರು ಹಾಕ್ತಾನ. ಉಳಿದ ಮಂದಿ ಜೀಪು ಹುಡುಕಲಿಕ್ಕೆ ಓಡ್ತಾರ.

ನಾಲ್ಕು ವರ್ಷದ ಹಿಂದೆ ಬಾಜೂ ಹೊಲದ ಅಣ್ಣ ರಾತ್ರಿ ಕಬ್ಬಿಗೆ ನೀರು ಬಿಡಲಿಕ್ಕೆ ಹೋಗಿ, ಹಸಿ ಕಾಲಲ್ಲಿ ಸ್ಟಾರ್ಟರ್ ಡಬ್ಬಿ ಮುಟ್ಟಿ ಬಿದ್ದ. ಫ್ಯೂಸ್ ತೆಗೆದು ಅವನನ್ನು ಈಚೆ ಎಳೆದವರಲ್ಲಿ ನಾನೂ ಒಬ್ಬ. ಕೀಲಿಕೈ ಕೊಟ್ಟವನೂ ನಾನೇ. ಜೀಪು ಬರಲಿಕ್ಕೆ ಇಪ್ಪತ್ತು ನಿಮಿಷ ಆಯ್ತು. ಅಷ್ಟೂ ಹೊತ್ತು ಆರು ಜನ ಗಂಡಸರು ಅವನ ಸುತ್ತ ನಿಂತಿದ್ದೆವು. ಎದೆ ಮೇಲೆ ಒಬ್ಬನೂ ಕೈ ಇಡಲಿಲ್ಲ. ಆಮೇಲೆ ಊರೆಲ್ಲ ಹಣೆಬರಹ ಅಂತು. ಅವ ಖಂಡಿತ ಬದುಕ್ತಿದ್ದ ಅಂತ ನಾ ಹೇಳಲ್ಲ. ಆದರ ಇದ್ದ ಒಂದು ದಾರಿ ನಾವು ಮುಚ್ಚಿದೆವು, ಅದಕ್ಕ ಹಣೆಬರಹ ಅನ್ನಬ್ಯಾಡ್ರಿ.

ಕರೆಂಟು ಹೊಡೆದವನ ಹೃದಯ ಬಹಳ ಸಲ ಒಮ್ಮೆಲೇ ಪೂರಾ ನಿಂತಿರುವುದಿಲ್ಲ. ಹುಚ್ಚು ಹಿಡಿದಂಗ ಅದರುತ್ತಿರುತ್ತದೆ. ಅದರುತ್ತದೆ, ಆದರೆ ರಕ್ತ ತಳ್ಳೋದಿಲ್ಲ. ಹಾರ್ಟ್ ಅಟ್ಯಾಕ್ ಅಂದ್ರ ಪೈಪಿನಾಗ ಕಸ ಸಿಕ್ಕಂಗ. ಇದು ಮೋಟರೇ ಕೈಕೊಟ್ಟಂಗ. ಪೈಪು ಕಟ್ಟಿದ್ದರಿಂದ ಮೋಟರ್ ಕೈಕೊಡಬಹುದು, ಆದರೂ ಎರಡೂ ಒಂದೇ ಅಲ್ಲ. ಆ ಅದರಾಟವನ್ನು ಒಂದು ಅಳತೆಯ ಶಾಕ್ ಕೊಟ್ಟು ನಿಲ್ಲಿಸಿ, ಹೃದಯ ತನ್ನ ತಾಳ ಹಿಡಿಯಲಿಕ್ಕೆ ಅವಕಾಶ ಕೊಡುವ ಮಷೀನೇ ಡಿಫಿಬ್ರಿಲೇಟರ್. ಯಾರು ಬೇಕಾದರೂ ಬಳಸುವಂಥ ಸಣ್ಣ ಪೆಟ್ಟಿಗೆಗೆ ಎಇಡಿ ಅಂತಾರ. ಸಿನಿಮಾದಾಗ ಗೆರೆ ಸಪಾಟಾದ ಮೇಲೆ ಶಾಕ್ ಕೊಟ್ಟು ಎಬ್ಬಿಸ್ತಾರಲ್ಲ, ಅದು ಸುಳ್ಳು. ಪೂರಾ ನಿಂತ ಹೃದಯಕ್ಕೆ ಈ ಮಷೀನ್ ಶಾಕ್ ಕೊಡೋದೇ ಇಲ್ಲ.

ಇದು ಪೇಟೆ ಮಂದಿ ವಸ್ತು, ಏರ್‌ಪೋರ್ಟು ಮಾಲ್‌ಗಳಿಗೆ ಸರಿ ಅನ್ನುವವರಿಗೆ ಒಂದು ಮಾತು. ಈ ವಿದ್ಯೆಯ ಬೇರು ಇರೋದೇ ಕರೆಂಟಿನ ಸಾವಿನಾಗ. ಅಮೆರಿಕದಲ್ಲಿ ಲೈನ್‌ಮನ್‌ಗಳು ಶಾಕ್ ಹೊಡೆದು ಸಾಯೋದು ಹೆಚ್ಚಾದಾಗ, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿಲಿಯಂ ಕೌವೆನ್‌ಹೋವೆನ್ ಇದರ ಹಿಂದೆ ಬಿದ್ದ. ಅವ ಡಾಕ್ಟರ್ ಅಲ್ರಿ, ಎಲೆಕ್ಟ್ರಿಕಲ್ ಇಂಜಿನಿಯರ್. ಎದೆ ಒತ್ತಿದರೂ ರಕ್ತ ಓಡ್ತದ ಅನ್ನೋದು ಇದೇ ಕೆಲಸದಾಗ ಗೊತ್ತಾಗಿ, 1960ರಲ್ಲಿ ಜಗತ್ತಿಗೆ ತಿಳೀತು. ಅಂದ್ರ ಬಾವಿ ದಂಡಿ ಮೇಲೆ, ಟಿ.ಸಿ. ಬುಡದಾಗ ಸಾಯುವ ನಮ್ಮಂಥವರಿಗೂ ಹುಟ್ಟಿದ ವಿದ್ಯೆ ಇದು. ನಮಗೇ ಮುಟ್ಟಿಲ್ಲ.

2021ರ ಅಕ್ಟೋಬರ್ 29ಕ್ಕೆ ಪುನೀತ್ ರಾಜ್‌ಕುಮಾರ್ ಹೋದಾಗ ನಮ್ಮ ತಾಂಡಾಗಳಲ್ಲೂ ಒಲೆ ಹಚ್ಚಲಿಲ್ಲ. ಅವರ ಹೆಸರಲ್ಲಿ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂತು. ತಾಲೂಕು ಆಸ್ಪತ್ರೆಗಳಲ್ಲಿ ದುಬಾರಿ ಇಂಜೆಕ್ಷನ್ ಪುಕ್ಕಟೆ, ಸಾರ್ವಜನಿಕ ಜಾಗದಾಗ ಎಇಡಿ ಇಡುವ ಮಾತೂ ಅದರಾಗ ಅದ. ಒಳ್ಳೇದೇ. ಆದರ ಆ ಇಂಜೆಕ್ಷನ್ ಹೆಪ್ಪುಗಟ್ಟಿದ ರಕ್ತ ಕರಗಿಸಲಿಕ್ಕೆ, ಹೃದಯದ ಅದರಾಟ ನಿಲ್ಲಿಸಲಿಕ್ಕಲ್ಲ. ಕಲಬುರಗಿಗೆ ದೊಡ್ಡ ಜಯದೇವ ಆಸ್ಪತ್ರೆ ಬಂತು, ಸಂತೋಷ. ಚಿಂಚೋಳಿಯಿಂದ ಅಲ್ಲಿಗೆ ಎಂಬತ್ತು ಕಿಲೋಮೀಟರ್ ಮೇಲೆ, ಕೊಂಚಾವರಂ ಕಡೆಯವರಿಗೆ ಇನ್ನೂ ದೂರ. ಹೃದಯ ನಿಂತ ಮೇಲೆ ಏನೂ ಮಾಡದೇ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ 7ರಿಂದ 10ರಷ್ಟು ಕಡಿಮೆ ಆಗ್ತದ. ಲೆಕ್ಕ ನೀವೇ ಹಾಕ್ರಿ.

"ಹಳ್ಳಿ ಮಂದಿಗೆ ಮಷೀನ್ ತಿಳಿಯಲ್ಲ" ಅಂತ ಒಬ್ಬ ಸಾಹೇಬರು ನನ್ನ ಮುಂದೇ ಅಂದ್ರು. ಮನೆಯಾಗ ಕುಂತು ಮೊಬೈಲಿನಿಂದ ಮೋಟರ್ ಚಾಲೂ ಮಾಡುವವರು ನಾವು. ಹಂದಿ ಕಾಟಕ್ಕೆ ಸೋಲಾರ್ ಬೇಲಿ ಹಾಕಿಕೊಂಡವರು ನಾವು. ತೊಗರಿಗೆ ಡ್ರೋನಿನಿಂದ ಎಣ್ಣೆ ಹೊಡಿಸ್ತೀವಿ. ಎಇಡಿ ಇವೆಲ್ಲಕ್ಕಿಂತ ಸಸಾರ. ಚಾಲೂ ಮಾಡಿದರ ತಾನೇ ಮಾತಾಡ್ತದ. ಒಂದು ಪ್ಯಾಡ್ ಬಲ ಎದೆಯ ಮೇಲ್ಭಾಗಕ್ಕೆ, ಇನ್ನೊಂದು ಎಡ ಬಗಲಿನ ಕೆಳಗೆ, ಚಿತ್ರ ಬರೆದಿರ್ತದ. ಮೈ ಹಸಿ ಇದ್ದರ ಟವೆಲ್‌ನಿಂದ ಒರೆಸಬೇಕು. ಅದು ಹೃದಯ ನೋಡುವಾಗ, ಶಾಕ್ ಕೊಡುವಾಗ ಯಾರೂ ಮುಟ್ಟಬಾರದು. ಶಾಕ್ ಆದ ತಕ್ಷಣ ಮತ್ತೆ ಎದೆ ಒತ್ತಬೇಕು. ಬೇಕಿಲ್ಲದವನಿಗೆ ನೀವು ಗುಂಡಿ ಒತ್ತಿದರೂ ಅದು ಶಾಕ್ ಕೊಡಲ್ಲ.

ಮಷೀನ್ ಬರೋತನಕ ಕೈ ಅದಾವಲ್ರಿ. ಮೊದಲು ಮೇನ್ ಕೆಡವಬೇಕು, ಆಮೇಲೇ ಮೈ ಮುಟ್ಟೋದು. ಹರಿದು ಬಿದ್ದ ಲೈನ್ ಇದ್ದರ ಹತ್ತಿರ ಹೋಗಲೇಬ್ಯಾಡ್ರಿ, ಲೈನ್‌ಮನ್‌ಗೆ ಫೋನ್ ಮಾಡ್ರಿ. ಸಿಡಿಲು ಬಡಿದವನ ಮೈಯಾಗ ಕರೆಂಟ್ ಉಳಿದಿರಲ್ಲ, ಕೂಡಲೇ ಮುಟ್ಟಬಹುದು. ಎಬ್ಬಿಸಿದರ ಏಳಲಿಲ್ಲ, ಉಸಿರಿಲ್ಲ ಅಂದ್ರ ಒಬ್ಬ 108ಕ್ಕೆ ಫೋನ್ ಹಚ್ಚಲಿ, ಇನ್ನೊಬ್ಬ ಎದೆ ನಡುವೆ ಎರಡೂ ಕೈ ಇಟ್ಟು ಒತ್ತಲಿ. ಎರಡು ಇಂಚು ಆಳ, ನಿಮಿಷಕ್ಕೆ 100ರಿಂದ 120 ಸಲ. ಆಗೊಮ್ಮೆ ಈಗೊಮ್ಮೆ ಗೊರಕ್ ಅಂದ್ರ ಅದು ಉಸಿರಲ್ಲ, ಮೋಸ ಹೋಗಬ್ಯಾಡ್ರಿ. ಪಕ್ಕೆಲುಬು ಮುರಿದರ ಮುರೀಲಿ.

ನನ್ನ ಜಗಳ ಮಷೀನ್ ತರೋದರ ಬಗ್ಗೆ ಅಷ್ಟೇ ಅಲ್ಲ, ಎಲ್ಲಿ ಇಡ್ತೀರಿ ಅನ್ನೋದರ ಬಗ್ಗೆ. ಪಂಚಾಯ್ತಿ ಕಪಾಟಿನಾಗ ಇಟ್ಟು ಕೀಲಿ ಹಾಕಿ, ಕೀಲಿ ಹಿಡಿದವ ಐದಕ್ಕೆ ಮನೆಗೆ ಹೋದರ ಅದು ಡಬ್ಬಿ ಅಷ್ಟೇ. ಬಸ್‌ಸ್ಟ್ಯಾಂಡ್, ಪೆಟ್ರೋಲ್ ಬಂಕ್, ರಾಶಿ ಕಾಲದಾಗ ಎಪಿಎಂಸಿ, ಜಾತ್ರಿಯಾಗ ತೇರಿನ ಹತ್ತಿರ ಇರಲಿ, ರಾತ್ರಿನೂ ಕೈಗೆ ಸಿಗಲಿ. ಪ್ಯಾಡ್‌ಗೆ, ಬ್ಯಾಟರಿಗೆ ತಾರೀಖು ಇರ್ತದ, ಅದನ್ನು ನೋಡುವವರ ಹೆಸರು ಡಬ್ಬಿ ಮೇಲೇ ಬರೀರಿ. ಲಕ್ಷದ ಆಸುಪಾಸು ಬೆಲೆ ಅಂದ ಕೂಡಲೇ ದುಬಾರಿ ಅಂತೀರಿ. ಊರ ಮುಂದಿನ ಕಮಾನಿಗೆ ಎಷ್ಟು ಪಟ್ಟಿ ಎತ್ತಿದೆವು, ಡಿಜೆಗೆ ಎಷ್ಟು ಕೊಟ್ಟೆವು, ಅದನ್ನೂ ಜರಾ ಕೂಡಿಸಿ ನೋಡ್ರಿ.

ಹೊಲದ ನಡುವೆ ಬಿದ್ದವನಿಗೆ ಮಷೀನ್ ಹೊತ್ತಿಗೆ ಮುಟ್ಟದೇ ಇರಬಹುದು, ಒಪ್ಪತೀನಿ. ಅದಕ್ಕೇ ಸ್ಟಾರ್ಟರ್‌ಗೆ ಅರ್ಥಿಂಗ್ ಮೊದಲು, ಕೈ ಕಲಿಯೋದು ಜೊತಿಗೆ. ಮುಂದಿನ ಅಮಾವಾಸ್ಯೆಗೆ ಗಳೆ ಹೂಡಲ್ಲ, ಎಲ್ಲರೂ ಖಾಲಿ. ಎದೆ ಒತ್ತೋದು ಕಲಿಸಲಿಕ್ಕೆ ನಮ್ಮ ದವಾಖಾನಿ ಸಿಸ್ಟರ್ ಬರ್ತೀನಿ ಅಂದಾರ. ಗೊಂಬಿ ಇಲ್ಲ, ತೊಗರಿ ಹೊಟ್ಟು ತುಂಬಿದ ಚೀಲ ಇಟ್ಟಿರ್ತೀನಿ. ಬೆಳಿಗ್ಗೆ ಎಂಟಕ್ಕೆ ಬರ್ರಿ, ಮನ್ಯಾಗಿನ ಹೆಣ್ಮಕ್ಕಳನ್ನೂ ಕರ್ಕೊಂಡು ಬರ್ರಿ.